ವಿರಳ ಭೂಲೋಹಕ್ಕೂ ಮೊದಲು ಕಬ್ಬಿಣದ ಲೆಕ್ಕ

ಅಮೆರಿಕದ ವೆಸ್ಟ್ ವರ್ಜೀನಿಯಾ, ಪೆನ್ಸಿಲ್ವೇನಿಯಾಗಳ ಹಳೆಯ ಕಲ್ಲಿದ್ದಲು ಗಣಿಗಳಿಂದ ಹರಿದುಬರುವ ಆಮ್ಲೀಯ ನೀರಿನಲ್ಲಿ ನಿಯೋಡೈಮಿಯಂ, ಡಿಸ್ಪ್ರೋಸಿಯಂ, ಇಟ್ರಿಯಂನಂಥ ವಿರಳ ಭೂಲೋಹಗಳು ಕರಗಿರುತ್ತವೆ. ಸಾಮಾನ್ಯವಾಗಿ ಲೀಟರಿಗೆ ಮೈಕ್ರೋಗ್ರಾಂಗಳ ಲೆಕ್ಕ. ಹೆಚ್ಚೆಂದರೆ ಕೆಲವು ಮಿಲಿಗ್ರಾಂ. ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಅದರ ನೂರಾರು ಪಟ್ಟು ಇರಬಹುದು. ಹೀಗಿರುವಾಗ ಈ ಲೋಹಗಳನ್ನು ನೀರಿನಿಂದ ಹಿಡಿದಿಡುವ ಹೊಸ ಹೀರುವಸ್ತುವನ್ನು ತೋರಿಸುವವರು 'ಗ್ರಾಮಿಗೆ ಇಷ್ಟು ಮಿಲಿಗ್ರಾಂ ಹಿಡಿಯುತ್ತದೆ' ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಶುದ್ಧ ನೀರಿಗೆ ಒಂದೇ ಲೋಹದ ಲವಣ ಬೆರೆಸಿ ಬೀಕರಿನಲ್ಲಿ ಅಳೆದ ಅಂಕಿ ಅದು. ಗಣಿಯ ನೀರನ್ನೇ ಕಾಲಂನಲ್ಲಿ, ಅಂದರೆ ಹೀರುವಸ್ತು ತುಂಬಿದ ಕೊಳವೆಯಲ್ಲಿ, ಹರಿಸಿ ನೋಡಬೇಕು.

ಕಾಲಂ ತುಂಬುವುದರಲ್ಲೇ ಅರ್ಧ ಕೆಲಸವಿದೆ. ಲೋಹದ ಅಯಾನುಗಳನ್ನು ಹಿಡಿಯುವ ರೆಸಿನ್ (ಪಾಲಿಮರ್) ಮಣಿಗಳನ್ನು ನೆನೆಸಿ, ನೀರಿನ ಜೊತೆಯಲ್ಲೇ ಸುರಿಯಬೇಕು. ಒಣಗಿದ್ದನ್ನೇ ತುಂಬಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ನೀರು ಒಂದೇ ಜಾಡು ಹಿಡಿದು ಇಳಿದುಹೋಗಿ ಉಳಿದ ಮಣಿಗಳು ವ್ಯರ್ಥವಾಗುತ್ತವೆ.

ಆಮೇಲೆ ಹೊರಬರುವ ನೀರನ್ನು ಸಾಲು ಸಾಲಾಗಿ ಪರೀಕ್ಷಿಸಿ. ಲೋಹವನ್ನು ಇಕ್ಕಳದಂತೆ ಹಿಡಿಯುವ ಇಮಿನೋಡೈಅಸಿಟೇಟ್ ರೆಸಿನ್ ಆದರೆ ಮೊದಮೊದಲು, ವಿರಳ ಭೂಲೋಹಗಳಲ್ಲೊಂದಾದ ಲ್ಯಾಂಥನಂನ ಸುಳಿವೇ ಇರುವುದಿಲ್ಲ. ಬರಬರುತ್ತಾ ಕಾಣಿಸಿಕೊಂಡು, ಒಂದು ಹಂತದಲ್ಲಿ ಒಳಗೆ ಬಿಟ್ಟ ನೀರಿನಲ್ಲಿ ಇದ್ದುದಕ್ಕಿಂತಲೂ ಹೆಚ್ಚಾಗುತ್ತದೆ. ಹೊಸಬರು ಉಪಕರಣವನ್ನು ಅನುಮಾನಿಸುತ್ತಾರೆ. ಉಪಕರಣ ಸರಿಯಾಗಿಯೇ ಇದೆ. ಇನ್ನೂ ಬಿಗಿಯಾಗಿ ಅಂಟುವ ಫೆರಿಕ್ (ಮೂರು ಧನ ಆವೇಶದ) ಕಬ್ಬಿಣ, ಭಾರದ ಲ್ಯಾಂಥನೈಡ್‌ಗಳು (ಲ್ಯಾಂಥನಂನ ಸಾಲಿನ ವಿರಳ ಭೂಲೋಹಗಳು) ಹಿಂದಿನಿಂದ ಬಂದು, ಮೊದಲೇ ಕುಳಿತಿದ್ದ ಲ್ಯಾಂಥನಂ ಅನ್ನು ಎಬ್ಬಿಸಿ ಹೊರಗೆ ಕಳಿಸಿವೆ.

ಆದ್ದರಿಂದ ಕಬ್ಬಿಣವನ್ನು ಮೊದಲೇ ಇಳಿಸಬೇಕು. ಫೆರಸ್ (ಎರಡು ಧನ ಆವೇಶದ) ರೂಪದಲ್ಲಿದ್ದರೆ ಆಕ್ಸಿಡೀಕರಿಸಿ, ಸುಣ್ಣದಿಂದ ಪಿಎಚ್ ಅನ್ನು 4ರ ಆಸುಪಾಸಿಗೆ ಏರಿಸಿದರೆ ಅದು ತಳ ಸೇರುತ್ತದೆ. ಇನ್ನೂ ಏರಿಸಿದರೆ ಅಲ್ಯೂಮಿನಿಯಂ ಕೂಡ ಇಳಿಯುತ್ತದೆ, ನಿಜ. ಆದರೆ 5 ದಾಟಿದ ಮೇಲೆ ಆ ಕೆಸರಿನ ಜೊತೆ ನಮಗೆ ಬೇಕಾದ ಲೋಹವೂ ಹೋಗತೊಡಗುತ್ತದೆ.

ಒಂದೊಂದು ವಿರಳ ಭೂಲೋಹವನ್ನೂ ಬೇರ್ಪಡಿಸುವುದು ಇನ್ನೊಂದೇ ಸಾಹಸ. ಲ್ಯಾಂಥನಂನಿಂದ ಲ್ಯುಟೇಷಿಯಂವರೆಗೆ ಅಯಾನಿನ ತ್ರಿಜ್ಯ ಸುಮಾರು 103ರಿಂದ 86 ಪಿಕೋಮೀಟರಿಗೆ ಇಳಿಯುತ್ತದೆ, ಅಷ್ಟೇ. 1940ರ ದಶಕದಲ್ಲಿ ಅಯೋವಾದ ಏಮ್ಸ್‌ನಲ್ಲಿ ರಸಾಯನ ವಿಜ್ಞಾನಿ ಫ್ರಾಂಕ್ ಸ್ಪೆಡಿಂಗ್ ಅವರ ತಂಡ ಈ ಸಣ್ಣ ಅಂತರವನ್ನೇ ನೆಚ್ಚಿ, ಸಿಟ್ರೇಟ್ ದ್ರಾವಣ ಹರಿಸಿ ಕಾಲಂಗಳಲ್ಲಿ ಇವುಗಳನ್ನು ಬೇರ್ಪಡಿಸಿತು. 1945ರಲ್ಲಿ ಓಕ್ ರಿಜ್‌ನಲ್ಲಿ ಇದೇ ಸಾಲಿನ ಪ್ರೊಮೀಥಿಯಂ ಪತ್ತೆಯಾದದ್ದೂ ಅಯಾನು ವಿನಿಮಯದ, ಅಂದರೆ ರೆಸಿನ್ ಒಂದು ಅಯಾನನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಈ ವಿಧಾನದ, ನೆರವಿನಿಂದಲೇ.

ಈಗ ನನಗೆ ಹೆಚ್ಚು ಕುತೂಹಲವಿರುವುದು ಲ್ಯಾನ್‌ಮಾಡ್ಯುಲಿನ್ ಬಗ್ಗೆ. 2018ರಲ್ಲಿ ಬೆಳಕಿಗೆ ಬಂದ ಈ ಬ್ಯಾಕ್ಟೀರಿಯಾ ಪ್ರೋಟೀನನ್ನು ಅಗರೋಸ್ (ಕಡಲಪಾಚಿಯಿಂದ ತೆಗೆದ ಜೆಲ್) ಮಣಿಗಳಿಗೆ ಕಟ್ಟಿ ಕಾಲಂ ಮಾಡಿದ್ದಾರೆ. ಲ್ಯಾಂಥನೈಡ್‌ಗಳನ್ನು ಆರಿಸಿಕೊಳ್ಳುವಲ್ಲಿ ಸಾಮಾನ್ಯ ರೆಸಿನ್‌ಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಪ್ರೋಟೀನ್ ತಯಾರಿಸುವುದು ದುಬಾರಿಯಾದ್ದರಿಂದ, ಆಮ್ಲದಲ್ಲಿ ತೊಳೆದು ಎಷ್ಟು ಬಾರಿ ಮತ್ತೆ ಬಳಸಬಹುದು ಎಂಬುದರ ಮೇಲೆ ಅದರ ಗಣಿಯ ಬದುಕು ನಿಂತಿದೆ.