ರಜಾ ದಿನವೂ ಅಂಗಡಿ ತೆರೆಯಬೇಕಾ? ಕೌಂಟರಿನ ಹಿಂದೆ ನಿಂತವರ ಕಡೆಯಿಂದ ಒಂದು ಇತಿಹಾಸ

ರಜಾ ದಿನ ಅಂಗಡಿ ತೆರೆದಿದ್ದರೆ ಯಾರಿಗೇನು ತೊಂದರೆ? ಬೇಕಾದವರು ಹೋಗಲಿ, ಬೇಡದವರು ಮನೆಯಲ್ಲಿರಲಿ. ಈ ವಿಷಯ ಎತ್ತಿದಾಗಲೆಲ್ಲ ಮೊದಲು ಬರುವ ಉತ್ತರ ಇದು. ಕೊಳ್ಳುವವರ ಮಟ್ಟಿಗೆ ಸರಿಯಾದ ಮಾತೇ. ಆದರೆ ಬಾಗಿಲು ತೆರೆಯಬೇಕಾದರೆ ಒಳಗೆ ಯಾರಾದರೂ ಇರಲೇಬೇಕು ಅಲ್ವಾ? ಬಿಲ್ ಹಾಕುವವರು, ಸರಕು ಜೋಡಿಸುವವರು, ಬಾಗಿಲು ಕಾಯುವವರು, ನೆಲ ಒರೆಸುವವರು. "ಬೇಡದವರು ಮನೆಯಲ್ಲಿರಲಿ" ಅನ್ನುವುದು ಇವರಿಗೂ ಅನ್ವಯಿಸುತ್ತದಾ? ನೂರಾರು ವರ್ಷಗಳಿಂದ ಜಗಳ ನಡೆದಿರುವುದು ಇದರ ಮೇಲೆಯೇ.

ಶುರುವಾಗಿದ್ದು ಧರ್ಮದಿಂದ. ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ನ್ಯಾಯಾಧೀಶರು, ಪಟ್ಟಣದ ಜನ, ಕುಶಲಕರ್ಮಿಗಳು ಕೆಲಸ ನಿಲ್ಲಿಸಬೇಕು ಎಂದು ಆಜ್ಞೆ ಹೊರಡಿಸಿದ. ರೈತರಿಗೆ ಮಾತ್ರ ವಿನಾಯಿತಿ ಕೊಟ್ಟ, ಏಕೆಂದರೆ ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ. ಯಾರು ನಿಲ್ಲಿಸಬೇಕು, ಯಾರು ನಿಲ್ಲಿಸುವ ಹಾಗಿಲ್ಲ ಅನ್ನುವ ಲೆಕ್ಕಾಚಾರ ಅಂದೇ ಶುರುವಾಯಿತು. ಮುಂದೆ ಯುರೋಪಿನಲ್ಲಿ, ಅಲ್ಲಿಂದ ಅಮೆರಿಕಕ್ಕೆ ಹೋದವರ ವಸಾಹತುಗಳಲ್ಲಿ, ಭಾನುವಾರದ ವ್ಯಾಪಾರಕ್ಕೆ ದಂಡ ಹಾಕುವ ಕಾನೂನುಗಳು ಬಂದವು. ಅವುಗಳಲ್ಲಿ ಕೆಲಸಗಾರರ ವಿಚಾರ ಹೆಚ್ಚು ಇರಲಿಲ್ಲ. ದೇವರ ದಿನ, ಅಷ್ಟೇ.

ಅಂಗಡಿಯಲ್ಲಿ ದುಡಿಯುವವರ ಪಾಡು ಚರ್ಚೆಗೆ ಬಂದಿದ್ದು 19ನೇ ಶತಮಾನದ ಬ್ರಿಟನ್ನಿನಲ್ಲಿ. ಕಾರ್ಖಾನೆಯವರಿಗೆ ಒಂದೊಂದಾಗಿ ಕಾನೂನುಗಳು ಬರುತ್ತಿದ್ದವು, ಅಂಗಡಿಯವರನ್ನು ಕೇಳುವವರಿರಲಿಲ್ಲ. ಬಟ್ಟೆ ಅಂಗಡಿಗಳ ಹುಡುಗ ಹುಡುಗಿಯರು ಎಷ್ಟೋ ಕಡೆ ಮಾಲೀಕನೇ ಕೊಟ್ಟ ಜಾಗದಲ್ಲಿ ಮಲಗಬೇಕಿತ್ತು, ಅವನು ಹಾಕಿದ್ದನ್ನು ಉಣ್ಣಬೇಕಿತ್ತು, ಸಣ್ಣ ತಪ್ಪಿಗೂ ದಂಡ ಕಟ್ಟಬೇಕಿತ್ತು. 1842ರಲ್ಲಿ ಲಂಡನ್ನಿನಲ್ಲಿ ಅಂಗಡಿ ಬೇಗ ಮುಚ್ಚಿಸುವ ಚಳವಳಿ ಹುಟ್ಟಿತು. ಅದರ ದಾರಿ ಮನವೊಲಿಸುವುದು. ಮಾಲೀಕರೇ, ದಯವಿಟ್ಟು ಬೇಗ ಮುಚ್ಚಿ. ಅಮ್ಮಂದಿರೇ, ದಯವಿಟ್ಟು ಸಂಜೆ ಮೇಲೆ ಕೊಳ್ಳಲು ಹೋಗಬೇಡಿ. ಅಲ್ಲಲ್ಲಿ ಕೆಲವರು ಒಪ್ಪಿದರು. ಆದರೆ ಒಬ್ಬ ಬಾಗಿಲು ಹಾಕಿದರೆ ಪಕ್ಕದವನು ದೀಪ ಹಚ್ಚಿಕೊಂಡು ಕೂರುತ್ತಿದ್ದ, ಮಾರನೇ ದಿನ ಮೊದಲನೆಯವನೂ ತೆರೆಯುತ್ತಿದ್ದ. ಈ ಒಂದು ಸಂಗತಿಯನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

ಕೊನೆಗೆ ಕಾನೂನೇ ಬರಬೇಕಾಯಿತು. ಸಂಸದ ಜಾನ್ ಲಬ್ಬಕ್ 1871ರಲ್ಲಿ ಬ್ಯಾಂಕ್ ರಜೆಗಳ ಕಾಯ್ದೆ ತಂದರು. ಅವರದೇ ಪ್ರಯತ್ನದಿಂದ 1886ರಲ್ಲಿ ಅಂಗಡಿಗಳಲ್ಲಿರುವ 18 ವರ್ಷದೊಳಗಿನವರು ವಾರಕ್ಕೆ 74 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ ಎಂದಾಯಿತು. ಎಪ್ಪತ್ನಾಲ್ಕು! ಮಕ್ಕಳಿಗೆ ಸಿಕ್ಕ ರಕ್ಷಣೆಯೇ ಇಷ್ಟಾದರೆ ಅದಕ್ಕೂ ಮೊದಲು ಹೇಗಿತ್ತೆಂದು ಊಹಿಸಿಕೊಳ್ಳಿ. 1899ರ ಇನ್ನೊಂದು ಕಾಯ್ದೆ ಅಂಗಡಿಯ ಹೆಣ್ಣುಮಕ್ಕಳಿಗೆ ಕೂರಲು ಆಸನ ಇಡಬೇಕೆಂದಿತು, ಅದೂ ಮೂವರಿಗೆ ಒಂದು. ವಾರಕ್ಕೆ ಅರ್ಧ ದಿನ ರಜೆ ಸಿಗಲು 1911 ಬರಬೇಕಾಯಿತು.

ಇಡೀ ಜಗತ್ತಿನ ಮಟ್ಟದಲ್ಲೂ ಅಂಗಡಿಯವರು ಕೊನೆಯ ಸಾಲಿನವರೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೈಗಾರಿಕೆಗಳಿಗೆ ವಾರದ ರಜೆಯ ಒಪ್ಪಂದ ಮಾಡಿದ್ದು 1921ರಲ್ಲಿ, ಅಂಗಡಿ ಮತ್ತು ಕಚೇರಿಗಳಿಗೆ 1957ರಲ್ಲಿ. ಆ 1957ರ ಒಪ್ಪಂದದಲ್ಲಿ ನನಗೆ ತುಂಬ ಮುಖ್ಯ ಅನಿಸುವ ಒಂದು ಮಾತಿದೆ. ಏಳು ದಿನಕ್ಕೊಮ್ಮೆ ಸತತ 24 ಗಂಟೆ ಬಿಡುವು ಕೊಟ್ಟರೆ ಸಾಲದು, ಆದಷ್ಟೂ ಎಲ್ಲರಿಗೂ ಒಂದೇ ಹೊತ್ತಿಗೆ ಕೊಡಬೇಕು, ಆ ಊರಿನವರು ರೂಢಿಯಿಂದ ರಜೆ ಮಾಡುವ ದಿನವೇ ಕೊಡಬೇಕು ಎನ್ನುತ್ತದೆ ಅದು. ಮಂಗಳವಾರ ರಜೆ ಸಿಕ್ಕಿತು, ಆದರೆ ಅಂದು ಮಕ್ಕಳು ಶಾಲೆಗೆ, ಗಂಡ ಕೆಲಸಕ್ಕೆ, ಗೆಳತಿಯರು ಆಫೀಸಿಗೆ ಹೋಗಿರುತ್ತಾರೆ. ಮೈಗೆ ವಿಶ್ರಾಂತಿ ಸಿಗಬಹುದು, ಜೊತೆ ಸಿಗುವುದಿಲ್ಲ.

ಇಷ್ಟರಲ್ಲಿ ಧರ್ಮದ ಆಧಾರ ಸಡಿಲವಾಗುತ್ತಿತ್ತು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮೇರಿಲ್ಯಾಂಡ್ ರಾಜ್ಯದ ಭಾನುವಾರದ ಕಾನೂನನ್ನು ಎತ್ತಿಹಿಡಿಯಿತು. ಮೂಲ ಧರ್ಮದ್ದಾದರೂ ಈಗ ಅದರ ಉದ್ದೇಶ ಎಲ್ಲರಿಗೂ ಒಟ್ಟಿಗೆ ಒಂದು ಬಿಡುವಿನ ದಿನ ಕೊಡುವುದು ಎಂಬುದು ತೀರ್ಪಿನ ತಿರುಳು. ಅದೇ ದಿನ ಅದೇ ಕೋರ್ಟಿನಲ್ಲಿ, ಇಂಥದೇ ಕಾನೂನಿನ ವಿರುದ್ಧ ಹೋಗಿದ್ದ ಫಿಲಡೆಲ್ಫಿಯಾದ ಯಹೂದಿ ವ್ಯಾಪಾರಿಗಳು ಸೋತರು. ಶನಿವಾರ ಅವರ ಧರ್ಮ ಬಾಗಿಲು ಹಾಕಿಸುತ್ತಿತ್ತು, ಭಾನುವಾರ ಸರ್ಕಾರ ಹಾಕಿಸುತ್ತಿತ್ತು. ಅವರ ದೂರು ನ್ಯಾಯವಾದದ್ದೇ, ಅದನ್ನು ಮುಚ್ಚಿಟ್ಟು ಈ ಇತಿಹಾಸ ಹೇಳಬಾರದು.

ಕೆನಡಾ ಇದಕ್ಕಿಂತ ಚೆನ್ನಾಗಿ ಯೋಚಿಸಿತು ಅನಿಸುತ್ತದೆ. ಅಲ್ಲಿನ ಸುಪ್ರೀಂ ಕೋರ್ಟು 1985ರಲ್ಲಿ ಧರ್ಮದ ಹೆಸರಿನ ಭಾನುವಾರದ ಕಾಯ್ದೆಯನ್ನು ರದ್ದು ಮಾಡಿತು. ಮರುವರ್ಷ ಒಂಟಾರಿಯೋ ಪ್ರಾಂತ್ಯದ ಇನ್ನೊಂದು ಕಾಯ್ದೆಯನ್ನು ಉಳಿಸಿಕೊಂಡಿತು. ಅದೂ ಅಂಗಡಿ ಮುಚ್ಚಿಸುವ ಕಾಯ್ದೆಯೇ, ಆದರೆ ಅದರ ಗುರಿ ಅಂಗಡಿ ಕೆಲಸಗಾರರಿಗೆ ಬಿಡುವು ಕೊಡುವುದು, ಜೊತೆಗೆ ಶನಿವಾರ ಮುಚ್ಚುವ ಸಣ್ಣ ಅಂಗಡಿಗಳಿಗೆ ವಿನಾಯಿತಿಯೂ ಇತ್ತು. ದುರ್ಬಲರನ್ನು ಕಾಯುವ ಕಾನೂನುಗಳನ್ನು ಕಿತ್ತುಹಾಕಲು ಉಳ್ಳವರು ಸಂವಿಧಾನವನ್ನು ಸಾಧನ ಮಾಡಿಕೊಳ್ಳದಂತೆ ಎಚ್ಚರ ಬೇಕು ಎಂದು ಮುಖ್ಯ ನ್ಯಾಯಮೂರ್ತಿ ಡಿಕ್ಸನ್ ಬರೆದರು.

ಬ್ರಿಟನ್ನಿನ 1950ರ ಕಾಯ್ದೆಯಲ್ಲಿ ಭಾನುವಾರ ಏನು ಮಾರಬಹುದು, ಏನು ಮಾರಬಾರದು ಎಂಬ ಉದ್ದ ಪಟ್ಟಿಯೇ ಇತ್ತು, ಅದು ಎಷ್ಟು ಗೊಂದಲಮಯವಾಗಿತ್ತು ಅಂದರೆ ಅಶ್ಲೀಲ ಪತ್ರಿಕೆ ಮಾರಬಹುದು, ಬೈಬಲ್ ಮಾರುವ ಹಾಗಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. 1986ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ನಿರ್ಬಂಧಗಳನ್ನು ಪೂರ್ತಿ ತೆಗೆಯಲು ಹೊರಟಿತು. ಚರ್ಚಿನವರೂ ಅಂಗಡಿ ಕೆಲಸಗಾರರ ಯೂನಿಯನ್ನಿನವರೂ ಒಂದಾಗಿ ವಿರೋಧಿಸಿದರು. ಭಾರೀ ಬಹುಮತವಿದ್ದ ಸರ್ಕಾರ 296–282 ಮತಗಳಿಂದ ಸೋತಿತು. ಆಮೇಲೆ 1994ರಲ್ಲಿ ರಾಜಿಯಾಯಿತು: 280 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆ ಮಾತ್ರ ತೆರೆಯಬಹುದು, ಸಣ್ಣವಕ್ಕೆ ಮಿತಿಯಿಲ್ಲ. ಈ ಏರ್ಪಾಡು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಗಲೂ ಇದೆ. 2016ರಲ್ಲಿ ಅದನ್ನು ಬದಲಿಸಲು ಹೋದ ಸರ್ಕಾರವೂ ಸೋತಿತು.

ಆ ರಾಜಿಯಲ್ಲಿ ಕೆಲಸಗಾರರಿಗೂ ಒಂದು ಹಕ್ಕು ಸಿಕ್ಕಿತು. ಭಾನುವಾರ ಬರುವುದಿಲ್ಲ ಎಂದು ಮೂರು ತಿಂಗಳು ಮೊದಲೇ ಬರೆದುಕೊಟ್ಟರೆ ಸಾಕು, ಆಮೇಲೆ ಬಲವಂತ ಮಾಡುವ ಹಾಗಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಶಿಫ್ಟ್ ಪಟ್ಟಿ ಬರೆಯುವುದು ಮ್ಯಾನೇಜರ್. ಭಾನುವಾರ ಬಾರದವರಿಗೆ ಉಳಿದ ದಿನಗಳಲ್ಲೂ ಗಂಟೆಗಳು ಕಡಿಮೆಯಾದರೆ, ಬಡ್ತಿಯಲ್ಲಿ ಹೆಸರು ಬಿಟ್ಟುಹೋದರೆ, ಕಾರಣ ಇದೇ ಅಂತ ಸಾಬೀತು ಮಾಡುವುದು ಹೇಗೆ? ಗಂಟೆ ಲೆಕ್ಕದಲ್ಲಿ ಸಂಬಳ ತೆಗೆದುಕೊಳ್ಳುವವರು, ಮುಂದಿನ ವಾರ ಎಷ್ಟು ಕೆಲಸ ಸಿಗುತ್ತದೋ ಗೊತ್ತಿಲ್ಲದವರು, "ಆಗುವುದಿಲ್ಲ" ಎಂದು ಹೇಳುವ ಮೊದಲು ಮನೆ ಬಾಡಿಗೆ ನೆನಪು ಮಾಡಿಕೊಳ್ಳುತ್ತಾರೆ. ಇಂಥವರ ಒಪ್ಪಿಗೆಯನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಪೈಪೋಟಿ ಒಂದು ರಜೆಯನ್ನು ಹೇಗೆ ತಿಂದುಹಾಕುತ್ತದೆ ಅಂತ ನೋಡಲು ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಒಂದೇ ಸಾಕು. ಮನೆಯವರೆಲ್ಲ ಸೇರಿ ಊಟ ಮಾಡುವ ಹಬ್ಬ, ನವೆಂಬರಿನ ನಾಲ್ಕನೇ ಗುರುವಾರ ಬರುತ್ತದೆ. ಮಾರನೇ ದಿನ, ಬ್ಲ್ಯಾಕ್ ಫ್ರೈಡೇ, ದೊಡ್ಡ ರಿಯಾಯಿತಿಯ ದಿನ. ಮೊದಲು ಶುಕ್ರವಾರ ನಸುಕಿನಲ್ಲಿ ತೆರೆಯುತ್ತಿದ್ದರು. 2011ರಲ್ಲಿ ಹಲವು ದೊಡ್ಡ ಸರಣಿ ಮಳಿಗೆಗಳು ನಡುರಾತ್ರಿಗೇ ತೆರೆದವು. ಟಾರ್ಗೆಟ್ ಕಂಪನಿಯ ಕೆಲಸಗಾರರೊಬ್ಬರು ಇದು ಬೇಡ ಎಂದು ಆನ್‌ಲೈನ್ ಮನವಿ ಹಾಕಿದರು, ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದರು, ಆದರೂ ಬಾಗಿಲು ತೆರೆಯಿತು. ನಂತರದ ವರ್ಷಗಳಲ್ಲಿ ಗುರುವಾರ ರಾತ್ರಿ ಎಂಟು, ಆಮೇಲೆ ಸಂಜೆ ಆರು ಅಂತ ಹಬ್ಬದ ಊಟದ ಹೊತ್ತಿಗೇ ಬಂತು. ರಾತ್ರಿ ನೂಕುನುಗ್ಗಲು ಎದುರಿಸಬೇಕಾದವರು ಮಧ್ಯಾಹ್ನ ಮನೆಯವರ ಜೊತೆ ಹೇಗೆ ನೆಮ್ಮದಿಯಾಗಿ ಕೂರುತ್ತಾರೆ? ಮ್ಯಾಸಚೂಸೆಟ್ಸ್, ರೋಡ್ ಐಲ್ಯಾಂಡ್, ಮೇನ್ ರಾಜ್ಯಗಳಲ್ಲಿ ಮಾತ್ರ ಹೀಗಾಗಲಿಲ್ಲ. ಅಲ್ಲಿ ಹಳೆಯ ಕಾನೂನು ದೊಡ್ಡ ಅಂಗಡಿಗಳಿಗೆ ಆ ದಿನ ಬೀಗ ಹಾಕಿಸುತ್ತದೆ.

2020ರಲ್ಲಿ ಕೋವಿಡ್ ಬಂತು. ವಾಲ್‌ಮಾರ್ಟ್, ಟಾರ್ಗೆಟ್ ಸೇರಿ ದೊಡ್ಡ ಕಂಪನಿಗಳೆಲ್ಲ ಒಟ್ಟಿಗೆ ಥ್ಯಾಂಕ್ಸ್‌ಗಿವಿಂಗ್ ದಿನ ಮುಚ್ಚಿದವು. ಮರುವರ್ಷ ಟಾರ್ಗೆಟ್ ಇನ್ನು ಮುಂದೆ ಆ ದಿನ ಯಾವತ್ತೂ ತೆರೆಯುವುದಿಲ್ಲ ಎಂದು ಘೋಷಿಸಿತು. ಎಲ್ಲರೂ ಒಟ್ಟಿಗೆ ಮುಚ್ಚಿದರೆ ಗಿರಾಕಿ ಹಿಂದಿನ ದಿನವೋ ಮರುದಿನವೋ ಬರುತ್ತಾನೆ, ಇಲ್ಲವೇ ಫೋನಿನಲ್ಲೇ ಕೊಳ್ಳುತ್ತಾನೆ. ಪಕ್ಕದವನು ತೆರೆಯುತ್ತಾನೆ ಅನ್ನುವ ಭಯ ಹೋದಮೇಲೆ ಬಾಗಿಲು ಹಾಕುವುದು ಅಷ್ಟೇನೂ ಕಷ್ಟವಾಗಲಿಲ್ಲ. 1842ರಲ್ಲಿ ಲಂಡನ್ನಿನವರಿಗೆ ಸಿಗದೇ ಹೋದದ್ದು ಇದೇ.

ಎಲ್ಲ ಕೆಲಸಗಾರರೂ ಮುಚ್ಚಿ ಅನ್ನುತ್ತಾರಾ? ಇಲ್ಲ. 2013ರಲ್ಲಿ ಫ್ರಾನ್ಸಿನ ಕೋರ್ಟೊಂದು ಪ್ಯಾರಿಸ್ ಸುತ್ತಮುತ್ತಲಿನ ಮನೆ ರಿಪೇರಿ ಸಾಮಾನಿನ ದೊಡ್ಡ ಅಂಗಡಿಗಳಿಗೆ ಭಾನುವಾರ ಬೀಗ ಹಾಕಿಸಿದಾಗ, ಅಲ್ಲಿನ ಕೆಲಸಗಾರರಲ್ಲೇ ಅನೇಕರು ನಮಗೆ ಭಾನುವಾರದ ಕೆಲಸ ಬೇಕು ಎಂದು ಬೀದಿಗಿಳಿದರು. ಅಂದಿನ ಹೆಚ್ಚುವರಿ ಕೂಲಿ ಅವರಿಗೆ ಬೇಕಿತ್ತು. ವಾರವಿಡೀ ಕಾಲೇಜಿರುವ ವಿದ್ಯಾರ್ಥಿಗಳಿಗೆ ರಜಾ ದಿನವೇ ದುಡಿಮೆಯ ದಿನ. ಇದನ್ನು ಸುಮ್ನೆ ತಳ್ಳಿಹಾಕಲಾಗದು. ಅದಕ್ಕೇ ವಾರವಾರವೂ ಮುಚ್ಚಿಸುವುದರ ಪರ ನಾನಿಲ್ಲ. ಹಂಗೇರಿ 2015ರಲ್ಲಿ ಭಾನುವಾರದ ವ್ಯಾಪಾರ ನಿಲ್ಲಿಸಿ, ಜನರ ಸಿಟ್ಟಿಗೆ ಹೆದರಿ ಮರುವರ್ಷವೇ ಹಿಂದೆಗೆಯಿತು.

ನನಗೆ ಒಪ್ಪಿಗೆಯಾಗುವುದು ನ್ಯೂಜಿಲೆಂಡಿನ ದಾರಿ. 1990ರ ಅಲ್ಲಿನ ಕಾಯ್ದೆ ವರ್ಷಕ್ಕೆ ಮೂರೂವರೆ ದಿನ ಮಾತ್ರ ಬಹುತೇಕ ಅಂಗಡಿಗಳನ್ನು ಮುಚ್ಚಿಸುತ್ತದೆ: ಗುಡ್ ಫ್ರೈಡೇ, ಈಸ್ಟರ್ ಭಾನುವಾರ, ಕ್ರಿಸ್‌ಮಸ್, ಮತ್ತು ಯುದ್ಧದಲ್ಲಿ ಮಡಿದ ಸೈನಿಕರನ್ನು ನೆನೆಯುವ ಆನ್‌ಜಾಕ್ ದಿನದ ಮಧ್ಯಾಹ್ನ ಒಂದು ಗಂಟೆಯವರೆಗೆ. ದಿನಗಳು ಕಡಿಮೆ, ಆದರೆ ಎಲ್ಲರಿಗೂ ಒಂದೇ, ಯಾರೂ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಂತು ಕೇಳಬೇಕಾಗಿಲ್ಲ. 2016ರ ತಿದ್ದುಪಡಿ ಈಸ್ಟರ್ ಭಾನುವಾರದ ತೀರ್ಮಾನವನ್ನು ಸ್ಥಳೀಯ ಆಡಳಿತಗಳಿಗೆ ಬಿಟ್ಟಿತು. ಅಂದು ಕೆಲಸಕ್ಕೆ ಬರಲ್ಲ ಅನ್ನಲು ಕಾರಣ ಕೊಡಬೇಕಿಲ್ಲ ಎಂದೂ ಸೇರಿಸಿತು.

ಪೋಲೆಂಡಿನಲ್ಲಿ ಇದು ಇನ್ನೂ ಬದಲಾಗುತ್ತಲೇ ಇದೆ. 2018ರಿಂದ ಅಲ್ಲಿ ಭಾನುವಾರದ ವ್ಯಾಪಾರಕ್ಕೆ ಹಂತಹಂತವಾಗಿ ತಡೆ ಬಂತು. ಅಂಚೆ ಸೇವೆಗೆ ವಿನಾಯಿತಿ ಇದ್ದದ್ದರಿಂದ ಅಂಗಡಿಗಳು ಪಾರ್ಸೆಲ್ ತೆಗೆದುಕೊಳ್ಳಲು ಶುರುಮಾಡಿ ತಾವೂ ಅಂಚೆ ಕಚೇರಿ ಎಂದವು, 2022ರಲ್ಲಿ ಸರ್ಕಾರ ಆ ಸಂದಿಯನ್ನು ಬಿಗಿ ಮಾಡಿತು. 2025ರಿಂದ ಡಿಸೆಂಬರ್ 24 ಕೂಡ ರಜೆ. ಬದಲಿಗೆ ಕ್ರಿಸ್‌ಮಸ್‌ಗೆ ಮೊದಲಿನ ಮೂರು ಭಾನುವಾರ ಅಂಗಡಿ ತೆರೆಯಬಹುದು, ಆದರೆ ಒಬ್ಬ ಕೆಲಸಗಾರನನ್ನು ಅದರಲ್ಲಿ ಎರಡಕ್ಕಿಂತ ಜಾಸ್ತಿ ಕರೆಸುವ ಹಾಗಿಲ್ಲ.