ಉಪ್ಪು ಹಚ್ಚಿದರೆ ಮಾಂಸ ಯಾಕೆ ಕುಣಿಯುತ್ತೆ?

ರಾಯಚೂರಿನ ನಮ್ಮ ಓಣಿಯಲ್ಲಿ ಬಕ್ರೀದ್ ನಮಾಜು ಮುಗಿದರೆ ಕಟುಕರಿಗೆ ಬಿಡುವೇ ಇರಲ್ಲ. ಒಂದು ಅಂಗಳದಿಂದ ಇನ್ನೊಂದಕ್ಕೆ ಓಟ. ಒಂದು ಸಲ ಗೆಳೆಯನ ಮನೆಯಲ್ಲಿ ಕೆಂಗುರಿ ಟಗರು ಕೊಯ್ದು ಅರ್ಧ ಗಂಟೆಯೂ ಆಗಿರಲಿಲ್ಲ. ಪರಾತದಲ್ಲಿದ್ದ ತೊಡೆಯ ತುಂಡಿಗೆ ಅವರಮ್ಮ ಉಪ್ಪು, ಅರಿಸಿನ ಹಚ್ಚಿದರು. ತುಂಡು ಪಟಪಟ ಅದುರಿತು. ಪಕ್ಕದ ಮನೆ ಅಜ್ಜಿ ಬೆಚ್ಚಿಬಿದ್ದರು: "ಯವ್ವಾ, ಇದ್ರ ಜೀವ ಇನ್ನಾ ಹೋಗಿಲ್ಲ, ಮುಟ್ಟಬ್ಯಾಡ್ರಿ!"

ಜೀವ ಹೋಗಿತ್ತು. ಉಳಿದಿದ್ದು ಎಟಿಪಿ, ಅಂದರೆ ಸ್ನಾಯುವಿಗೆ ಕೆಲಸ ಮಾಡಲು ಶಕ್ತಿ ಕೊಡುವ ರಾಸಾಯನಿಕ, ಅದರ ಜೇಬಿನ ಚಿಲ್ಲರೆ. ಉಸಿರು ನಿಂತ ಕೂಡಲೇ ಅದು ಖಾಲಿಯಾಗುವುದಿಲ್ಲ. ಉಪ್ಪಿನ ಸೋಡಿಯಂ ಸೋಕಿದರೆ ಸಾಕು, ಮಿದುಳಿನ ಅಪ್ಪಣೆ ಬಂತು ಅಂತ ಸ್ನಾಯು ಮೋಸಹೋಗುತ್ತದೆ. ಇಟಲಿಯ ವಿಜ್ಞಾನಿ ಗಾಲ್ವಾನಿ ಸತ್ತ ಕಪ್ಪೆಯ ಕಾಲು ಒದೆಯುವುದನ್ನು ಕಂಡು 1791ರಲ್ಲಿ ಬರೆದ, ಇದು ಪ್ರಾಣಿಯೊಳಗಿನ ವಿದ್ಯುತ್ ಅಂತ. ಅಲ್ಲ, ಕಾಲಿಗೆ ಎರಡು ಬೇರೆ ಬೇರೆ ಲೋಹ ತಾಗಿದ್ದಕ್ಕೆ ಅಂತ ಅಲ್ಲಿನದೇ ವಿಜ್ಞಾನಿ ವೋಲ್ಟಾ ಹಟ ಹಿಡಿದ. ಆ ಜಗಳದಲ್ಲೇ 1800ರಲ್ಲಿ ಬ್ಯಾಟರಿ ಹುಟ್ಟಿತು!

ನನಗೆ ಇದಕ್ಕಿಂತ ಜಾಸ್ತಿ ಮಜಾ ಅನಿಸುವುದು ಎಟಿಪಿ ಮುಗಿದ ಮೇಲಿನ ಕಥೆ. ಶಕ್ತಿ ತೀರಿದರೆ ಸ್ನಾಯು ಸಡಿಲ ಆಗಬೇಕಲ್ವಾ? ಆಗಲ್ಲ, ಮರಗಟ್ಟುತ್ತದೆ. ಸ್ನಾಯುವಿನೊಳಗೆ ಮಯೋಸಿನ್ ಅನ್ನುವ ಕೈಗಳು ಆಕ್ಟಿನ್ ಅನ್ನುವ ಹಗ್ಗ ಜಗ್ಗುತ್ತವೆ. ಬಾವಿಯಿಂದ ನೀರು ಸೇದುವಾಗ ಹಿಡಿದ ಕೈ ಬಿಟ್ಟರೆ ತಾನೇ ಮುಂದೆ ಹಿಡಿಯೋಕಾಗೋದು? ಆ ಬಿಡೋದಕ್ಕೇ ಎಟಿಪಿ ಬೇಕು. ಜಾಲಿ ಮುಳ್ಳು ಸೀರೆ ಸೆರಗಿಗೆ ತಾನಾಗೇ ಸಿಕ್ಕಿಕೊಳ್ಳುತ್ತದೆ, ಬಿಡಿಸೋಕೆ ಮಾತ್ರ ಕಷ್ಟಪಡಬೇಕು. ಹಾಗೇ. ಎಟಿಪಿ ಇಲ್ಲದ ಕೈ ಹಿಡಿದಲ್ಲೇ ಉಳಿಯುತ್ತದೆ. ಆಮೇಲೆ ಸ್ನಾಯುವಿನದೇ ಕಿಣ್ವಗಳು ನಿಧಾನಕ್ಕೆ ಎಳೆಗಳನ್ನು ಕತ್ತರಿಸಿದರೆ ಮಾತ್ರ ಮಾಂಸ ಮೆತ್ತಗಾಗೋದು.

ಹಬ್ಬದ ದಿನ ನಾವು ಮಾಡುವ ತಪ್ಪು ಇಲ್ಲೇ ಇದೆ. ಬಿಸಿಬಿಸಿ ಮಾಂಸವನ್ನು ಎಲುಬಿನಿಂದ ಬಿಡಿಸಿ, ಸಣ್ಣಗೆ ಹೆಚ್ಚಿ, ಸೀದಾ ಫ್ರೀಜರ್‌ಗೆ ತುಂಬುತ್ತೇವೆ. ಎಟಿಪಿ ಇರುವಾಗಲೇ ಚಳಿ ಹತ್ತಿದರೆ ಒಳಗಿನ ಕ್ಯಾಲ್ಸಿಯಂ ಸೋರಿ, ಸ್ನಾಯು ವಿಪರೀತ ಕುಗ್ಗಿ ಮಾಂಸ ಗಟ್ಟಿಯಾಗುತ್ತದೆ. ಜಗ್ಗಿ ಹಿಡಿಯಲು ಎಲುಬೂ ಇಲ್ಲ. ನ್ಯೂಜಿಲೆಂಡಿನವರು 1882ರಿಂದಲೇ ಕುರಿಮಾಂಸ ಹೆಪ್ಪುಗಟ್ಟಿಸಿ ಲಂಡನ್ನಿಗೆ ಹಡಗಲ್ಲಿ ಕಳಿಸುತ್ತಿದ್ದರು. ಚಳಿಯಿಂದಾಗುವ ಈ ಕುಗ್ಗುವಿಕೆಯನ್ನು ಅಲ್ಲಿನ ವಿಜ್ಞಾನಿಗಳಾದ ಲಾಕರ್ ಮತ್ತು ಹ್ಯಾಗ್ಯಾರ್ಡ್ ಬರೆದು ತೋರಿಸಿದ್ದು 1963ರಲ್ಲಿ! ನಮ್ಮಲ್ಲಿ ಇವತ್ತಿಗೂ "ಟಗರು ಮುದಿಯಾಗಿತ್ತು" ಅಂತ ಸಂತೆಯವನಿಗೆ ಬೈಗುಳ.

ರಾಯಚೂರು ಬಿಸಿಲಲ್ಲಿ ಹೊರಗಿಟ್ಟರೆ ಕೆಡುತ್ತೆ, ನಿಜ. ಅದಕ್ಕೆ ಎತ್ತಿಡುವ ತೊಡೆಯನ್ನು ಎಲುಬಿನ ಸಮೇತ ದೊಡ್ಡದಾಗೇ ಬಿಟ್ಟು, ಒಂದು ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಎಟಿಪಿ ಮುಗಿದ ಮೇಲೆ ಫ್ರೀಜರ್.

ಕಲೇಜಿಗೆ, ಅಂದರೆ ಲಿವರ್‌ಗೆ, ಇದ್ಯಾವ ರಗಳೆಯೂ ಇಲ್ಲ. ಅದರಲ್ಲಿ ಜಗ್ಗುವ ಎಳೆಗಳ ಕಟ್ಟೇ ಇಲ್ಲ. ಕುರ್ಬಾನಿ ಆದ ತಕ್ಷಣ ಮೊದಲು ಒಲೆ ಏರುವುದೂ ಅದೇ. ಅವತ್ತು ಅಜ್ಜಿ ತೊಡೆ ಮುಟ್ಟಲಿಲ್ಲ. ಕಲೇಜಿ ಮಾತ್ರ ಎರಡು ಸಲ ಹಾಕಿಸಿಕೊಂಡರು.