ನದಿಗೆ ಹಕ್ಕು ಕೊಟ್ಟರೆ, ಅದರ ಪರವಾಗಿ ಕೋರ್ಟಿಗೆ ಹೋಗುವವರು ಯಾರು?

ಪ್ರಶ್ನೆ: ಗಂಗಾ ನದಿಗೆ ಮನುಷ್ಯರಿಗಿರುವಂಥ ಹಕ್ಕು ಕೊಟ್ಟಿದ್ದಾರೆ ಅಂತ ಓದಿದ್ದೆ. ಆದರೆ ನದಿಗೆ ದೂರು ಹೇಳಲು ಬಾಯಿಲ್ಲ, ಸಹಿ ಹಾಕಲು ಕೈಯಿಲ್ಲ. ಅದರ ಕೇಸು ನಡೆಸುವವರು ಯಾರು?

ಉತ್ತರ: ಇಡೀ ವಿಷಯ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಬಾಯಿಲ್ಲದಿರುವುದು ಕಾನೂನಿಗೆ ದೊಡ್ಡ ಅಡ್ಡಿಯಲ್ಲ. ನಮ್ಮ ದೇವಸ್ಥಾನದ ಮೂರ್ತಿಯ ಹೆಸರಲ್ಲಿ ಜಮೀನು ಇರುತ್ತದೆ, ಕೇಸೂ ನಡೆಯುತ್ತದೆ ಅಲ್ವಾ? ಮೂರ್ತಿಯ ಪರವಾಗಿ ಒಬ್ಬರು ನಿಲ್ಲುತ್ತಾರೆ. ನದಿಗೂ ಹಾಗೆ ಒಬ್ಬ ಪಾಲಕ ಬೇಕು. ಆ ಪಾಲಕ ಯಾರು, ಅವರ ಕೈಯಲ್ಲಿ ಅಧಿಕಾರ ಮತ್ತು ಹಣ ಇದೆಯೇ ಎಂಬುದನ್ನೇ ನೋಡಬೇಕು.

ಇದನ್ನು ಚೆನ್ನಾಗಿ ಯೋಚಿಸಿ ಮಾಡಿದ್ದು ನ್ಯೂಜಿಲೆಂಡ್. ಅಲ್ಲಿನ ವಾಂಗನುಯಿ ನದಿಯ ಉದ್ದ ಸುಮಾರು 290 ಕಿಲೋಮೀಟರ್. ದಡದಲ್ಲಿರುವ ಮೂಲನಿವಾಸಿ ಮಾವೋರಿ ಜನ ಅದನ್ನು ತಮ್ಮ ಹಿರಿಯರೆಂದೇ ನಂಬುತ್ತಾರೆ. ನದಿಗಾಗಿ ಅವರ ಹೋರಾಟ ಶುರುವಾದದ್ದು 19ನೇ ಶತಮಾನದಲ್ಲಿ. ಕೊನೆಗೆ 2017ರ ಮಾರ್ಚ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿತು. ಬೆಟ್ಟದಿಂದ ಕಡಲಿನವರೆಗೆ ನದಿ ಒಂದೇ ಜೀವ, ಅದಕ್ಕೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ. ಅದರ ಪರ ಮಾತಾಡಲು ಇಬ್ಬರು: ಒಬ್ಬರನ್ನು ನದಿಯ ಬುಡಕಟ್ಟುಗಳು ಆರಿಸುತ್ತವೆ, ಇನ್ನೊಬ್ಬರನ್ನು ಸರ್ಕಾರ. ನದಿತಳದಲ್ಲಿ ಸರ್ಕಾರದ್ದಾಗಿದ್ದ ಭಾಗ ನದಿಯ ಹೆಸರಿಗೇ ಆಯಿತು. ಆರೈಕೆಗೆ 3 ಕೋಟಿ ನ್ಯೂಜಿಲೆಂಡ್ ಡಾಲರ್‌ಗಳ ನಿಧಿಯೂ ಬಂತು. ಹಾಗಂತ ಎಲ್ಲವೂ ಸಿಗಲಿಲ್ಲ. ನೀರಿನ ಒಡೆತನವನ್ನು ಕಾಯ್ದೆ ಕೊಡಲಿಲ್ಲ. ಮೇಲ್ಭಾಗದ ನೀರನ್ನು ವಿದ್ಯುತ್ ಯೋಜನೆಗೆ ತಿರುಗಿಸುವುದೂ ನಿಲ್ಲಲಿಲ್ಲ.

ಇನ್ನು ನಮ್ಮ ಗಂಗೆ. ನೀವು ಓದಿದ್ದು ನಿಜ, ಆದರೆ ಅದು ಹೆಚ್ಚು ದಿನ ಉಳಿಯಲಿಲ್ಲ. 2017ರ ಮಾರ್ಚ್ 20ರಂದು ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ಎರಡನ್ನೂ ಜೀವಂತ ವ್ಯಕ್ತಿಗಳೆಂದು ಘೋಷಿಸಿತು. ಪಾಲಕರು ಯಾರು? ಗಂಗೆಯನ್ನು ಶುದ್ಧಗೊಳಿಸುವ ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ರಾಜ್ಯದ ಮುಖ್ಯ ಕಾರ್ಯದರ್ಶಿ, ಮತ್ತು ಅಡ್ವೊಕೇಟ್ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರು. ಕೊಳಕು ನೀರು ನದಿಗೆ ಸೇರದಂತೆ ನೋಡಿಕೊಳ್ಳಬೇಕಾದ ಸರ್ಕಾರದವರೇ ನದಿಯ ಪರ ದೂರನ್ನೂ ಕೊಡಬೇಕು! ತನ್ನ ಮೇಲೆ ತಾನೇ ಯಾರು ಕೇಸು ಹಾಕುತ್ತಾರೆ? ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ನದಿ ಬೇರೆ ರಾಜ್ಯಗಳಲ್ಲೂ ಹರಿಯುತ್ತದೆ, ಪ್ರವಾಹ ಬಂದು ಜನರಿಗೆ ನಷ್ಟವಾದರೆ ಪರಿಹಾರ ಕೊಡುವವರು ಯಾರು ಎಂದು ಕೇಳಿತು. ಜುಲೈನಲ್ಲಿ ತಡೆಯಾಜ್ಞೆ ಸಿಕ್ಕಿತು. ಆ ಪ್ರಶ್ನೆಗಳು ನ್ಯಾಯವಾದವೇ. ತೀರ್ಪಿನಲ್ಲಿ ಅವಕ್ಕೆ ಉತ್ತರ ಇರಬೇಕಿತ್ತು.

2020ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಚಂಡೀಗಢದ ಸುಖ್ನಾ ಕೆರೆಗೂ ಇದೇ ಸ್ಥಾನ ಕೊಟ್ಟಿತು. ಅಲ್ಲಿ ಊರಿನ ನಾಗರಿಕರೆಲ್ಲರೂ ಪಾಲಕರು. ಕೇಳಲು ಚಂದ. ಆದರೆ ಎಲ್ಲರ ಹೊಣೆ ಎಂದಾಗ ಮೊದಲು ಎದ್ದು ನಿಲ್ಲುವವರು ಯಾರು?

ಅಮೆರಿಕದ ಟೊಲೆಡೊ ನಗರದಲ್ಲಿ ಜನರೇ ಎದ್ದು ನಿಂತರು. 2014ರಲ್ಲಿ ಈರಿ ಸರೋವರದಲ್ಲಿ ವಿಷದ ಪಾಚಿ ಬೆಳೆದು, ಸುಮಾರು 5 ಲಕ್ಷ ಜನ ಮೂರು ದಿನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ಹೊಲಗಳಿಂದ ಹರಿದುಬರುವ ಗೊಬ್ಬರವೇ ಇದಕ್ಕೆ ದೊಡ್ಡ ಕಾರಣ. 2019ರಲ್ಲಿ ಜನ ಮತ ಹಾಕಿ ಸರೋವರಕ್ಕೆ ಹಕ್ಕು ಕೊಟ್ಟರು. ಮರುದಿನವೇ ಒಂದು ಕೃಷಿ ಸಂಸ್ಥೆ ಕೋರ್ಟಿಗೆ ಹೋಯಿತು. ಒಂದು ವರ್ಷದಲ್ಲಿ ಫೆಡರಲ್ ಕೋರ್ಟ್ ಆ ಕಾನೂನನ್ನು ರದ್ದು ಮಾಡಿತು. ಯಾವುದು ತಪ್ಪು, ಯಾವುದು ಸರಿ ಎಂದು ಅದರಲ್ಲಿ ಸ್ಪಷ್ಟವಾಗಿರಲಿಲ್ಲ ಎಂಬುದು ಕಾರಣ.

ಹಾಗಾದರೆ ನಿಮ್ಮೂರಿನ ಕೆರೆಗೆ ಈಗ ಏನು ದಾರಿ? ಹಕ್ಕಿನ ಘೋಷಣೆಗೆ ಕಾಯುತ್ತಾ ಸುಮ್ನೆ ಕೂರಬೇಕಿಲ್ಲ. ಪರಿಸರದ ಕೇಸುಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ನೊಂದವರು ನೇರವಾಗಿ ಅರ್ಜಿ ಹಾಕಬಹುದು. ದಕ್ಷಿಣದ ಪೀಠ ಚೆನ್ನೈನಲ್ಲಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿ, ಬೆಂಕಿ ಹೊತ್ತಿಕೊಂಡಾಗ ಈ ಮಂಡಳಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. 2018ರಲ್ಲಿ ರಾಜ್ಯ ಸರ್ಕಾರ 50 ಕೋಟಿ, ಬಿಬಿಎಂಪಿ 25 ಕೋಟಿ ರೂಪಾಯಿ ಕಟ್ಟಬೇಕೆಂದು ಆದೇಶಿಸಿತು. ಆ ಕೆರೆಗೆ ವ್ಯಕ್ತಿಯ ಸ್ಥಾನ ಇರಲಿಲ್ಲ.